ಬುಟ್ಟಿಯಕ್ಕ ಎತ್ತಿ ನೋಡಿದ್ದು

ಬುಟ್ಟಿಯಕ್ಕನ ಎದುರು "ಗಿಡಕ್ಕೆ ನೀರು ಹಾಕಿದೀನಿ" ಅಂತ ಮಾತ್ರ ಯಾರೂ ಹೇಳಬಾರದು. ಹೇಳಿದರೆ ಮುಗಿಯಿತು. ಕೈಲಿದ್ದ ಕೆಲಸ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಹಾಕಿದ್ದು ಸರಿ. ಎತ್ತಿ ನೋಡಿದ್ರಾ?" ಅಂತ ಕೇಳುತ್ತಾಳೆ. ಎತ್ತಿ ನೋಡಿಲ್ಲ ಅನ್ನುವುದನ್ನು ಎದುರಿನವರ ಮುಖವೇ ಹೇಳುತ್ತದೆ. ಆಮೇಲೆ ಶುರುವಾಗುವ ಬೈಗುಳ ಬೀದಿಯ ಆ ತುದಿಗೂ ಕೇಳಿಸುತ್ತದೆ. ಗಿರಾಕಿ ಅಂತಲೂ ನೋಡುವುದಿಲ್ಲ, ದೊಡ್ಡ ಮನುಷ್ಯ ಅಂತಲೂ ನೋಡುವುದಿಲ್ಲ. ಒಂದು ಹೂವಿನ ಬುಟ್ಟಿಗೆ ಇಷ್ಟು ಸಿಟ್ಟಾ ಅಂತ ಹೊಸಬರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಆ ಸಿಟ್ಟು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿಲ್ಲ.

ಅವಳ ಕಸುಬು ತೂಗುಬುಟ್ಟಿ ಕಟ್ಟುವುದು. ಬೇಸಿಗೆ ಕಾಲಿಡುವ ಹೊತ್ತಿಗೆ ಅಂಗಡಿಗಳ ಮುಂದೆ, ಮನೆಗಳ ಬಾಲ್ಕನಿಯಲ್ಲಿ ಕೊಕ್ಕೆಗೆ ನೇತುಬಿಟ್ಟ ಹೂವಿನ ಬುಟ್ಟಿಗಳು ಕಾಣುತ್ತವಲ್ಲ, ಆ ಬೀದಿಯವೆಲ್ಲ ಅವಳ ಕೈಯವೇ. ಮನೆ ಹಿಂದೆ ತಗಡಿನ ಶೆಡ್ಡು. ಗುಂಡು ತಳದ ತಂತಿ ಬುಟ್ಟಿ ಉರುಳದ ಹಾಗೆ ಅದನ್ನು ಬಕೆಟ್ಟಿನ ಬಾಯಿಯ ಮೇಲೆ ಕೂರಿಸುತ್ತಾಳೆ. ಒಳಗೆ ತೆಂಗಿನ ನಾರಿನ ಹಾಸು ಒತ್ತಿ, ನಾರಿನ ಪುಡಿ, ಗೊಬ್ಬರ, ಮಣ್ಣು ಬೆರೆಸಿ ಅರ್ಧ ತುಂಬುತ್ತಾಳೆ. ಸಣ್ಣ ಸಸಿಯ ತಲೆಗೆ ಕಾಗದ ಸುತ್ತಿ, ಒಳಗಿನಿಂದ ತಂತಿಯ ಸಂದಿಗೆ ತೂರಿಸಿ, ಆಚೆ ಬಂದ ಮೇಲೆ ಕಾಗದ ಬಿಚ್ಚುತ್ತಾಳೆ. ಎಲೆ ಒಂದೂ ಮುರಿದಿರುವುದಿಲ್ಲ. ಬೇರು ಒಳಗೆ, ತಲೆ ಹೊರಗೆ. ಸುತ್ತ ಹೀಗೆ ಸಸಿ ಕೂರಿಸಿ, ಮೇಲೆ ಮತ್ತೆ ಮಣ್ಣು ತುಂಬಿ, ನಡುವೆ ಪಿಟೂನಿಯಾ ಹೂವಿನ ಗಿಡ, ಅಂಚಿಗೆ ಇಳಿಬೀಳುವ ಬಳ್ಳಿ ನೆಡುತ್ತಾಳೆ. ತಿಂಗಳೊಪ್ಪತ್ತಿನಲ್ಲಿ ತಂತಿ ಎಲ್ಲಿದೆ ಅಂತ ಹುಡುಕಬೇಕು, ಬರೀ ಹೂವು.

ಕಟ್ಟುವುದು ದೊಡ್ಡ ಮಾತಲ್ಲ, ಕಾಪಾಡುವುದೇ ಕಷ್ಟ ಅಂತ ಅವಳು ಗಿರಾಕಿಗಳಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಾಳೆ. "ನೆಲದ ಗಿಡಕ್ಕೆ ಅಕ್ಕಪಕ್ಕ ನೆಂಟರಿದಾರೆ. ನೀವು ಮರೆತರೂ ಬೇರು ಚಾಚಿ ಎಲ್ಲಿಂದಾದ್ರೂ ಒಂದು ಗುಟುಕು ತಂದ್ಕೊಳ್ಳತ್ತೆ. ನೇತುಹಾಕಿರೋದಕ್ಕೆ ಯಾರಿದಾರೆ? ಸುತ್ತ ಗಾಳಿ, ಮೇಲೆ ಬಿಸಿಲು. ನೀವು ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ." ಗಿರಾಕಿಗಳು ತಲೆ ಆಡಿಸುತ್ತಾರೆ. ತಲೆ ಆಡಿಸೋದಕ್ಕೇನು, ಅದಕ್ಕೆ ಯಾರ ಗಂಟೂ ಹೋಗುವುದಿಲ್ಲ.

ಬೇಕರಿಯವನದ್ದೇ ತಗೊಳ್ಳಿ. ಹೋದ ಬೇಸಿಗೆಯಲ್ಲಿ ಅವನ ಅಂಗಡಿ ಮುಂದಿನ ಬುಟ್ಟಿ ಸೊರಗಿ ನಿಂತಿತ್ತು. ಬುಟ್ಟಿಯಕ್ಕ ಏಣಿ ಹೊತ್ತುಕೊಂಡು ಬಂದರೆ, ಅವನು ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು ನಿಂತ.

"ನಾನು ದಿನಾ ಜಗ್ಗು ತುಂಬ ಹಾಕ್ತೀನಿ ಅಕ್ಕ. ನೋಡಿ, ಇನ್ನೂ ಸೋರ್ತಾನೇ ಇದೆ. ಬಂದವರ ತಲೆ ಮೇಲೆಲ್ಲ ಬಿದ್ದು ಬೈಸ್ಕೊಂಡಿದೀನಿ."

ಅವಳು ಏಣಿ ಹತ್ತಿ, ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟು ಮೇಲಕ್ಕೆ ಎತ್ತಿದಳು. ಖಾಲಿ ಡಬ್ಬದ ಹಾಗೆ ಮೇಲೆ ಬಂತು. "ಸೋರಿದ್ದು ಕಾಣ್ತು ನಿಮಗೆ. ಕುಡಿದಿದ್ದು ಕಾಣ್ತಾ?" ಅಂದಳು.

ವಿಷಯ ಇಷ್ಟೇ. ನಾರಿನ ಪುಡಿ ಒಂದು ಸಲ ಪೂರ್ತಿ ಒಣಗಿತು ಅಂದರೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮುದುರಿಕೊಂಡು ಅಂಚಿನಲ್ಲಿ ಬಿರುಕು ಬಿಡುತ್ತದೆ. ಮೇಲಿಂದ ಸುರಿದ ನೀರು ಆ ಬಿರುಕಿನಲ್ಲೇ ಜಾರಿ ಕೆಳಗೆ ಬೀಳುತ್ತದೆ. ಬೇರಿಗೆ ಒಂದು ಹನಿಯೂ ತಾಕುವುದಿಲ್ಲ. ಸುರಿದವರಿಗೋ ಧಾರಾಳವಾಗಿ ಕೊಟ್ಟೆವು ಅನ್ನುವ ಸಮಾಧಾನ. ಅಂಥ ಬುಟ್ಟಿಯನ್ನು ಇಳಿಸಿ, ನೀರು ತುಂಬಿದ ಬಕೆಟ್ಟಿನಲ್ಲಿ ಕೂರಿಸಿ, ಗುಳುಗುಳು ಗುಳ್ಳೆ ಏಳುವುದು ನಿಲ್ಲುವವರೆಗೆ ಕಾಯಬೇಕು. ಅವಸರ ಮಾಡಿದರೆ ಕೆಟ್ಟಿತು. ಬೇಕರಿಯವನ ಬುಟ್ಟಿ ಹಾಗೇ ಬದುಕಿತು, ಬೇಕರಿಯವನೂ ಬೈಸಿಕೊಂಡು ಬದುಕಿದ.

ಈ ಎತ್ತಿ ನೋಡುವ ವಿದ್ಯೆ ಬುಟ್ಟಿಯಕ್ಕನ ಸ್ವಂತದ್ದಲ್ಲ, ಅತ್ತೆಯದು. ಶೆಡ್ಡು, ತಂತಿ ಬುಟ್ಟಿ, ಗಿರಾಕಿಗಳು, ಕೊನೆಗೆ ಆ ಬಾಯಿ, ಎಲ್ಲ ಅತ್ತೆಯಿಂದ ಬಂದದ್ದು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಸೊಸೆ ಹುರುಪಿನಿಂದ ಎಲ್ಲ ಬುಟ್ಟಿಗೂ ನೀರು ಹಾಕಿ, ಶಹಬಾಸ್‌ಗಿರಿಗೆ ಕಾದು ನಿಂತಿದ್ದಳು. ಅತ್ತೆ ಬಂದು ಒಂದಕ್ಕೆ ಅಂಗೈ ಕೊಟ್ಟು ನೋಡಿ, "ಏನೇ, ನೀರು ಗಿಡಕ್ಕೆ ಹಾಕಿದ್ಯೋ ನೆಲಕ್ಕೆ ಹಾಕಿದ್ಯೋ?" ಅಂದಿದ್ದಳು. ಅವತ್ತು ಶುರುವಾದ ಜಗಳ ವರ್ಷಗಟ್ಟಲೆ ನಡೆಯಿತು. ಗೊಬ್ಬರ ಜಾಸ್ತಿಯಾಯಿತು ಅಂತ ಒಬ್ಬಳು, ಬಿಸಿಲು ಕಮ್ಮಿಯಾಯಿತು ಅಂತ ಇನ್ನೊಬ್ಬಳು. ಇಬ್ಬರದೂ ಎಣ್ಣೆ ಸೀಗೆಕಾಯಿ. ನಡುವೆ ಸಿಕ್ಕಿಕೊಂಡ ಗಂಡ ಲಾರಿ ಹತ್ತಿ ದೂರದ ಲೋಡಿಗೆ ಹೋಗಿಬಿಡುತ್ತಿದ್ದ. ಅವನು ಎದೆನೋವು ಅಂತ ಒಂದು ದಿನ ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಮನೆಯಲ್ಲಿ ಉಳಿದವರು ಇವರಿಬ್ಬರು ಮತ್ತು ಪುಟ್ಟ ಮಗಳು. ಜಗಳ ನಿಂತಿತು ಅಂದುಕೊಂಡಿರಾ? ನಿಲ್ಲಲಿಲ್ಲ. ಆದರೆ ಒಬ್ಬಳು ಉಣ್ಣದೆ ಇನ್ನೊಬ್ಬಳು ತಟ್ಟೆ ಹಾಕಿಕೊಳ್ಳುತ್ತಿರಲಿಲ್ಲ.

ಅತ್ತೆಗೆ ಇನ್ನೊಬ್ಬ ಮಗನಿದ್ದಾನೆ. ಊರಿನ ಆ ಕಡೆ, ಹೊಸ ಬಡಾವಣೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡುತ್ತಾನೆ. ಮೂರನೇ ಮಹಡಿಯಲ್ಲಿ ಮನೆ, ಮನೆ ತುಂಬ ಗಾಜು. ಹೆಂಡತಿ ಒಳ್ಳೆಯವಳೇ, ಯಾರಿಗೂ ಕೆಟ್ಟದ್ದು ಬಯಸಿದವಳಲ್ಲ. ಗಂಡ ಹೆಂಡತಿ ಇಬ್ಬರೂ ತಿಂಗಳಿಗೊಂದು ಸಲ ಹಣ್ಣು ತಗೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಅತ್ತಿಗೆ ಇರೋದ್ರಿಂದ ನಮಗೆ ಯೋಚನೆಯಿಲ್ಲ" ಅಂತ ಹೇಳಿ ಹೋಗುತ್ತಿದ್ದರು. ಯೋಚನೆ ಯಾಕಿರುತ್ತದೆ, ಯೋಚನೆ ಮಾಡುವವಳು ಬೇರೆ ಇದ್ದಳಲ್ಲ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಆ ಬಾಯಿಯೂ ಹೋಯಿತು. ಊರಿಗೇ ಕೇಳಿಸುತ್ತಿದ್ದ ಗಂಟಲಿಂದ ಈಗ "ಆ... ಆ..." ಅನ್ನುವುದಷ್ಟೇ ಬರುತ್ತಿತ್ತು. ಬುದ್ಧಿ ಮಾತ್ರ ನೆಟ್ಟಗಿತ್ತು, ಕಣ್ಣು ಎಲ್ಲವನ್ನೂ ಹಿಂಬಾಲಿಸುತ್ತಿತ್ತು. ಊಟದ್ದೇ ದೊಡ್ಡ ಕೆಲಸ. ಬಲಗೆನ್ನೆ ಜೋಲು ಬಿದ್ದಿದ್ದರಿಂದ ಹಾಕಿದ್ದೆಲ್ಲ ಆ ಕಡೆಯಿಂದ ಹೊರಗೆ ಹರಿಯುತ್ತಿತ್ತು. ಬುಟ್ಟಿಯಕ್ಕ ಮೊದಮೊದಲು ತಾನೂ ತಪ್ಪಿದಳು, ಆಸ್ಪತ್ರೆಯ ನರ್ಸಮ್ಮನ ಹತ್ತಿರ ಕೇಳಿ ಕಲಿತಳು. ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು, ಗದ್ದ ಎದೆ ಕಡೆ ಬಗ್ಗಿಸಬೇಕು. ಅರ್ಧ ಚಮಚ ಗಂಜಿ ಎಡಗಡೆ ಇಟ್ಟು, ಕಾಯಬೇಕು. ಗಂಟಲ ಗಂಟು ಮೇಲೆ ಹೋಗಿ ಕೆಳಗಿಳಿಯುವುದನ್ನು ಕಣ್ಣಾರೆ ನೋಡಿದ ಮೇಲೆ ಇನ್ನರ್ಧ ಚಮಚ. ಒಂದು ಬಟ್ಟಲು ಗಂಜಿ ಮುಗಿಯುವಷ್ಟರಲ್ಲಿ ಬೀದಿಯಲ್ಲಿ ಎರಡು ಬಸ್ಸು ಬಂದು ಹೋಗಿರುತ್ತಿದ್ದವು. ಹೋಗಲಿ, ಬಸ್ಸಿಗೇನು, ಇನ್ನೊಂದು ಬರುತ್ತದೆ.

ಅತ್ತೆಯ ಮಂಚದ ಪಕ್ಕದ ಕಿಟಕಿಗೆ ಒಂದು ತೂಗುಬುಟ್ಟಿ. ಬೆಳಿಗ್ಗೆ ಅದನ್ನು ಇಳಿಸಿ ಮಂಚದ ಹತ್ತಿರ ಹಿಡಿದರೆ, ಅತ್ತೆ ಎಡಗೈಯ ಅಂಗೈ ಅದರ ತಳಕ್ಕೆ ಕೊಟ್ಟು ತೂಗಿ ನೋಡುತ್ತಿದ್ದಳು. ಭಾರವಿದ್ದರೆ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಹಗುರವಿದ್ದರೆ ಹುಬ್ಬು ಗಂಟಿಕ್ಕಿ ಸೊಸೆಯ ಮುಖ ನೋಡುತ್ತಿದ್ದಳು. "ನೋಡಿ, ಬಾಯಿ ಬಿದ್ದುಹೋದ್ರೂ ಬೈಯ್ಯೋದು ಬಿಟ್ಟಿಲ್ಲ ನೀವು" ಅಂತ ಬುಟ್ಟಿಯಕ್ಕ ಗೊಣಗಿಕೊಂಡು ಬಕೆಟ್ಟು ತರುತ್ತಿದ್ದಳು. ಆ ಗೊಣಗಾಟ ಇಬ್ಬರಿಗೂ ಬೇಕಾಗಿತ್ತು.

ಹೀಗಿರುವಾಗ ಮದುವೆಯಾಗಿ ಬೇರೆ ಊರಿನಲ್ಲಿದ್ದ ಮಗಳಿಂದ ಫೋನು ಬಂತು. ಹೊಟ್ಟೆಗೆ ಆಪರೇಷನ್ ಆಗಬೇಕು, ಮನೆಯಲ್ಲಿ ಕೈಗೂಸು, ಅಮ್ಮ ಬರಲೇಬೇಕು. ಬುಟ್ಟಿಯಕ್ಕನ ಸ್ಥಿತಿ ಅತ್ತ ದರಿ ಇತ್ತ ಪುಲಿ. ಅತ್ತೆಯನ್ನು ಯಾರ ಕೈಗೆ ಕೊಡುವುದು? ಬೇರೆಯವರಿಗೆ ಕೊಟ್ಟು ಹೋದರೆ, ಆ ಗಂಜಿಯ ಹತ್ತಿರ ಕಾಯುವ ತಾಳ್ಮೆ ಯಾರಿಗಿರುತ್ತದೆ? ತಾಳ್ಮೆ ಇಲ್ಲದವರ ಕೈಗೆ ಸಿಕ್ಕರೆ ಮುದುಕಿ ಉಳಿಯುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಹೀಗಂದದ್ದು ಕೇಳಿ ಮೈದುನ ಬೇಜಾರು ಮಾಡಿಕೊಂಡ. "ಏನ್ ಅತ್ತಿಗೆ ಹೀಗಂತೀರಾ? ಹೆತ್ತ ತಾಯಿ ಅಲ್ವಾ ನನಗೆ? ನಾನು ನೋಡ್ಕೊಳ್ಳಲ್ವಾ?"

ನೋಡಿಕೊಳ್ಳಬಹುದಾಗಿತ್ತು, ಈವರೆಗೆ ಯಾರೂ ಕೈ ಹಿಡಿದು ತಡೆದಿರಲಿಲ್ಲ. ಆದರೆ ಆ ಮಾತು ಆಡುವ ಹೊತ್ತು ಅದಲ್ಲ ಅಂತ ಬುಟ್ಟಿಯಕ್ಕ ನುಂಗಿಕೊಂಡಳು. ಅತ್ತೆಯನ್ನು ಅವರ ಮನೆಗೆ ಕರೆದುಕೊಂಡು ಹೋದರು. ಕಿಟಕಿಯ ಬುಟ್ಟಿಯೂ ಜೊತೆಗೆ ಹೋಯಿತು, ಅದಿಲ್ಲದೆ ಅತ್ತೆ ಮಂಚ ಬಿಡಲು ಒಪ್ಪಲಿಲ್ಲ. ಅಲ್ಲಿ ಬಾಲ್ಕನಿಯ ಬಾಗಿಲ ಹತ್ತಿರ, ಅವಳ ಮಂಚದಿಂದ ಕಾಣುವ ಹಾಗೆ ನೇತುಹಾಕಿದರು. ಬುಟ್ಟಿಯಕ್ಕ ಒಂದು ದಿನ ಅಲ್ಲೇ ಇದ್ದು ಓರಗಿತ್ತಿಯ ಮುಂದೆ ಕೂತು ತಿನ್ನಿಸಿ ತೋರಿಸಿದಳು.

"ಎಡಗಡೆ ಇಡು. ಅರ್ಧ ಚಮಚನೇ. ಗಂಟಲು ನೋಡು, ಗಂಟಲು. ಇಳೀತಾ? ಈಗ ಇನ್ನೊಂದು."

"ಸರಿ ಅಕ್ಕ, ಗೊತ್ತಾಯ್ತು ಅಕ್ಕ" ಅಂದಳು ಓರಗಿತ್ತಿ. ಬುಟ್ಟಿಯದೂ ಬುಟ್ಟಿಯಕ್ಕ ಹೇಳಿಕೊಟ್ಟಳು, ತಳಕ್ಕೆ ಕೈ ಕೊಟ್ಟು ಎತ್ತಿ ನೋಡು, ಹಗುರವಿದ್ದರೆ ಬಕೆಟ್ಟಿನಲ್ಲಿ ಕೂರಿಸು ಅಂತ. ಅದಕ್ಕೂ ಗೊತ್ತಾಯಿತು ಅಂದಳು. ಬುಟ್ಟಿಯಕ್ಕ ಬಸ್ಸು ಹತ್ತಿದಳು.

ಮಗಳ ಆಪರೇಷನ್ ಸಲೀಸಾಗಿ ಆಯಿತು. ಆದರೆ ಹೊಲಿಗೆ ಒಣಗುವುದು ತಡವಾಯಿತು, ವಾರದಲ್ಲಿ ಬರುತ್ತೀನಿ ಅಂದ ಬುಟ್ಟಿಯಕ್ಕ ಅಲ್ಲೇ ಸಿಕ್ಕಿಕೊಂಡಳು. ದಿನಾ ಸಂಜೆ ಫೋನು ಮಾಡುತ್ತಿದ್ದಳು. ಓರಗಿತ್ತಿ ಒಮ್ಮೆ ವಿಡಿಯೊ ಕಳಿಸಿದಳು. ಬಾಲ್ಕನಿಯ ಬಾಗಿಲಲ್ಲಿ ಬುಟ್ಟಿ, ಅದರ ತಳದಿಂದ ನೀರು ತೊಟತೊಟ ಬೀಳುತ್ತಿದೆ, ಹಿಂದಿನಿಂದ ಅವಳ ದನಿ, "ನೋಡಿ ಅಕ್ಕ, ಧಾರಾಳವಾಗಿ ಹಾಕ್ತಿದೀವಿ."

ಬುಟ್ಟಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಎಲೆಯ ತುದಿ ಕಂದಿದ್ದು ಆ ವಿಡಿಯೊದಲ್ಲೇ ಕಾಣುತ್ತಿತ್ತು. "ಎತ್ತಿ ನೋಡಿದ್ಯಾ? ಅಷ್ಟು ಬಡ್ಕೊಂಡು ಬಂದಿದೀನಲ್ಲ, ಕೈಯ್ಯಾರೆ ಎತ್ತಿ ನೋಡು ಅಂತ" ಅಂತ ಫೋನಿನಲ್ಲೇ ಶುರು ಮಾಡಿದಳು. ಅವತ್ತಿನ ಮಾತೆಲ್ಲ ಬುಟ್ಟಿಯದ್ದೇ ಆಯಿತು. ಫೋನು ಇಡುವ ಮುಂಚೆ, "ಅತ್ತೆ ಊಟ?" ಅಂತ ಕೇಳಿದಳು.

"ಮೂರು ಹೊತ್ತೂ ಕೊಡ್ತೀವಿ ಅಕ್ಕ" ಅಂದಳು ಓರಗಿತ್ತಿ.

ಕೊಡ್ತೀವಿ ಅಂದಳು. ಬೇಕರಿಯವನು ಹಾಗಂದಿದ್ದರೆ ಬುಟ್ಟಿಯಕ್ಕ ಅಲ್ಲೇ ಹಿಡಿಯುತ್ತಿದ್ದಳು, ಕೊಟ್ಟಿದ್ದು ಬಿಡಿ, ಒಳಗೆ ಹೋಯಿತಾ ಅಂತ. ಅವತ್ತು ಹಿಡಿಯಲಿಲ್ಲ. ಬುಟ್ಟಿಯ ಸಿಟ್ಟು ತಲೆಗೇರಿತ್ತು, ಪಕ್ಕದಲ್ಲಿ ಕೂಸು ಅಳುತ್ತಿತ್ತು. ಆ ಒಂದು ಪ್ರಶ್ನೆ ಕೇಳದೆ ಬಿಟ್ಟಿದ್ದಕ್ಕೆ ಅವಳು ಬೇರೆ ಯಾರಿಗೇ ಬೈದದ್ದಕ್ಕಿಂತ ಹೆಚ್ಚು ತನಗೇ ಬೈದುಕೊಂಡಿದ್ದಾಳೆ.

ಮಗಳು ಎದ್ದು ಓಡಾಡುವ ಹಾಗಾದ ಕೂಡಲೇ ಬುಟ್ಟಿಯಕ್ಕ ಹೊರಟಳು. ಬಸ್ಸಿಳಿದವಳು ಮನೆಗೂ ಹೋಗದೆ, ಚೀಲದ ಸಮೇತ ಮೈದುನನ ಮನೆಗೇ ಬಂದಳು. ಬೆಳಗಿನ ಹೊತ್ತು. ಮೈದುನ ಅಂಗಡಿಗೆ ಹೊರಡಲು ಷರ್ಟಿನ ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಮನೆ ಅಚ್ಚುಕಟ್ಟಾಗಿತ್ತು, ನೆಲ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಅತ್ತೆಯ ಕೋಣೆಗೆ ಕಾಲಿಟ್ಟವಳ ಕಣ್ಣು ಮೊದಲು ಹೋಗಿದ್ದು ಬುಟ್ಟಿಯ ಮೇಲೆ. ಅತ್ತೆ ಸೊಸೆಯರ ನಡುವೆ ಕ್ಷೇಮಸಮಾಚಾರ ಶುರುವಾಗುತ್ತಿದ್ದದ್ದೇ ಅಲ್ಲಿಂದ.

ಬುಟ್ಟಿ ಒಣಗಿ ನಿಂತಿತ್ತು. ಮುಟ್ಟಿದರೆ ಎಲೆ ಪುಡಿಯಾಗುತ್ತಿತ್ತು. ಬುಡದ ಹತ್ತಿರ ಒಂದೆರಡು ಕಡ್ಡಿಯಲ್ಲಿ ಮಾತ್ರ ಹಸಿರಿತ್ತು. ಅದರ ಕೆಳಗೆ, ನೆಲ ಒದ್ದೆಯಾಗಬಾರದು ಅಂತ, ಒಂದು ಪ್ಲಾಸ್ಟಿಕ್ ಟಬ್ ಇಟ್ಟಿದ್ದರು. ಟಬ್ಬಿನ ತುಂಬ ನೀರು. ಹಾಕಿದ ನೀರೆಲ್ಲ ಅಲ್ಲಿತ್ತು.

"ದಿನಾ ಹಾಕಿದೀವಿ ಅಕ್ಕ, ಆಣೆ ಮಾಡಿ ಹೇಳ್ತೀನಿ" ಅಂದಳು ಓರಗಿತ್ತಿ.

"ಆಣೆ ಯಾಕೆ, ಟಬ್ಬೇ ಹೇಳ್ತಿದೆ" ಅಂದಳು ಬುಟ್ಟಿಯಕ್ಕ. ಬಾಯಿಗೆ ಬಂದದ್ದೆಲ್ಲ ಅಂದಳು. ಬುಟ್ಟಿ ಇಳಿಸಿ, ಬಚ್ಚಲಲ್ಲಿ ಬಕೆಟ್ಟು ತುಂಬಿಸಿ, ಅದರಲ್ಲಿ ಕೂರಿಸಿದಳು. ಗುಳ್ಳೆ ಏಳತೊಡಗಿತು. ತಿರುಗಿ ಕೋಣೆಗೆ ಬಂದರೆ, ಬಾಲ್ಕನಿಯ ತಂತಿಯ ಮೇಲೆ ಉದ್ದಕ್ಕೂ ಸಣ್ಣ ಟವೆಲ್ಲುಗಳು ಒಣಗುತ್ತಿದ್ದವು, ಎಲ್ಲದರ ಮೇಲೂ ಒಗೆದರೂ ಹೋಗದ ಗಂಜಿಯ ಕಲೆ. "ಅತ್ತೆ ಕುತ್ತಿಗೆಗೆ ಕಟ್ಟೋದು. ಒಗೆದು ಒಗೆದು ಸಾಕಾಯ್ತು ಅಕ್ಕ" ಅಂದಳು ಓರಗಿತ್ತಿ. ಬುಟ್ಟಿಯಕ್ಕ ಆ ಸಾಲನ್ನು ನೋಡಿದಳು, ಟಬ್ಬನ್ನು ನೋಡಿದಳು, ಮತ್ತೆ ಟವೆಲ್ಲುಗಳನ್ನು ನೋಡಿದಳು.

ಮಂಚದ ಹತ್ತಿರ ಬಂದಳು. ಅತ್ತೆಯ ಮುಖ ಸೊರಗಿ ಅರ್ಧವಾಗಿತ್ತು. ಕಣ್ಣು ಮಾತ್ರ ಬಾಗಿಲಿಂದ ಅವಳನ್ನೇ ಹಿಂಬಾಲಿಸಿಕೊಂಡು ಬಂದಿತ್ತು. ಎಡಗೈ ಹೊದಿಕೆಯಿಂದ ಹೊರಗೆ ಬಂದು ಸೊಸೆಯ ಸೆರಗಿಗೆ ತಡಕಾಡಿ, ಹಿಡಿದುಕೊಂಡಿತು. ಬುಟ್ಟಿಯಕ್ಕ ಎಂದಿನ ಹಾಗೆ ಒಂದು ಕೈ ಹೆಗಲಿನಡಿ, ಒಂದು ಕೈ ಮೊಣಕಾಲಿನಡಿ ಕೊಟ್ಟು, ಕಾಲೂರಿ, ಉಸಿರು ಬಿಗಿಹಿಡಿದು ಎತ್ತಿದಳು. ವರ್ಷದಿಂದ ದಿನಾ ಎತ್ತಿದ ಮೈ, ಎಷ್ಟು ಬಲ ಬೇಕು ಅಂತ ಕೈಗೇ ಗೊತ್ತು. ಅತ್ತೆ ತಟ್ಟನೆ ಮೇಲೆ ಬಂದುಬಿಟ್ಟಳು. ಬುಟ್ಟಿಯಕ್ಕ ಹಿಂದಕ್ಕೆ ಬೀಳುವುದೊಂದು ಬಾಕಿ.

ಅತ್ತೆಯನ್ನು ಎದೆಗೆ ಆನಿಸಿಕೊಂಡೇ ಮಂಚದ ಮೇಲೆ ಕೂತಳು. ಬೆನ್ನಿನ ಮೂಳೆಗಳು ಒಂದೊಂದಾಗಿ ಅಂಗೈಗೆ ತಾಕಿದವು.

ಮೈದುನ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಹೇಳಿದ. "ನಿಮಗೆ ಫೋನಲ್ಲಿ ಹೇಳಿ ಗಾಬರಿ ಮಾಡೋದು ಬೇಡ ಅಂತ ಸುಮ್ಮನಿದ್ದೆ ಅತ್ತಿಗೆ. ಅಮ್ಮ ಊಟ ಬಿಟ್ಟಿದಾರೆ. ಬಾಯಿಗೆ ಹಾಕಿದ್ದೆಲ್ಲ ಹೊರಗೆ ಬಿಡ್ತಾರೆ. ವಯಸ್ಸಾಯ್ತಲ್ಲ, ಅವರಿಗೇ ಸಾಕು ಅನ್ನಿಸಿರಬೇಕು. ಬಲವಂತ ಮಾಡಬಾರದು. ನೆಂಟರಿಗೆಲ್ಲ ಹೇಳಿದೀನಿ, ಒಂದ್ಸಲ ಬಂದು ನೋಡ್ಕೊಂಡು ಹೋಗಿ ಅಂತ."

ಕೇಳಿದಿರಾ? ಸಾಕು ಅನ್ನಿಸಿದೆಯಂತೆ. ಮಾತೇ ಬರದವಳು ಇವನಿಗೆ ಯಾವಾಗ ಹೇಳಿದಳೋ ಸಾಕು ಅಂತ. ಹಸಿದು ಮಲಗಿದ ತಾಯಿಯನ್ನು ಕೊನೆಯ ಸಲ ನೋಡಲು ಊರು ನೆಂಟರನ್ನೆಲ್ಲ ಕರೆದಿದ್ದಾನೆ, ಅದೂ ಕಣ್ಣಲ್ಲಿ ನೀರು ತುಂಬಿಕೊಂಡು. ನಾಟಕವೂ ಅಲ್ಲ, ನಿಜವಾಗಿಯೂ ದುಃಖವೇ. ಅದೇ ಇನ್ನೂ ಹೊಟ್ಟೆ ಉರಿಸುವ ಸಂಗತಿ.

"ಗಂಜಿ ತಗೊಂಡ್ ಬಾ" ಅಂದಳು ಬುಟ್ಟಿಯಕ್ಕ ಓರಗಿತ್ತಿಗೆ. "ಬಟ್ಟಲು, ಸಣ್ಣ ಚಮಚ. ಆ ದೊಡ್ಡದು ಬೇಡ."

"ತಗೊಳ್ಳಲ್ಲ ಅಕ್ಕ. ನಾನು ಎಷ್ಟು ಪ್ರಯತ್ನ ಪಟ್ಟೆ..."

"ತಗೊಂಡ್ ಬಾ ಅಂದೆ."

ದಿಂಬು ಕೊಟ್ಟು ಕೂರಿಸಿದಳು. ಗದ್ದ ಬಗ್ಗಿಸಿದಳು. ಎಡಗಡೆ ಅರ್ಧ ಚಮಚ ಇಟ್ಟು ಕಾದಳು. ಏನೂ ಆಗಲಿಲ್ಲ. ಮೈದುನ ನಿಟ್ಟುಸಿರು ಬಿಟ್ಟ. ಬುಟ್ಟಿಯಕ್ಕ ತಿರುಗಿ ನೋಡಲಿಲ್ಲ, ಅವಳ ಕಣ್ಣು ಆ ಗಂಟಲ ಮೇಲಿತ್ತು. ಬಚ್ಚಲಲ್ಲಿ ಗುಳ್ಳೆಗಳ ಸದ್ದು ಕೇಳುತ್ತಿತ್ತು. ಕೊನೆಗೆ ಗಂಟಲ ಗಂಟು ಮೆಲ್ಲಗೆ ಮೇಲೆ ಹೋಯಿತು, ಅಲ್ಲೇ ಒಂದು ಕ್ಷಣ ನಿಂತಿತು, ಕೆಳಗಿಳಿಯಿತು. ಇನ್ನರ್ಧ ಚಮಚ. ಮತ್ತೆ ಕಾದಳು. ಮೈದುನ ವಾಚು ನೋಡಿಕೊಂಡ, ಅಂಗಡಿ ಬಾಗಿಲು ತೆಗೆಯುವ ಹೊತ್ತು.

"ನಿಂತ್ಕೋ" ಅಂದಳು ಬುಟ್ಟಿಯಕ್ಕ. ಅವನು ನಿಂತ.

ಅರ್ಧ ಬಟ್ಟಲಾಗುವ ಹೊತ್ತಿಗೆ ನಡುವಿನ ಹೊತ್ತು ಕಮ್ಮಿಯಾಗುತ್ತ ಬಂತು. ಇವಳು ಚಮಚ ತುಂಬಿಸುವುದಕ್ಕೆ ಮುಂಚೆಯೇ ಅತ್ತೆಯ ಎಡಗೈ ಎದ್ದು ಬಟ್ಟಲಿನ ಅಂಚು ಹಿಡಿದು, ತನ್ನ ಕಡೆಗೆ ಎಳೆದುಕೊಂಡಿತು. ಬುಟ್ಟಿಯಕ್ಕ ಮೆಲ್ಲಗೆ ಬಿಡಿಸಿದಳು, "ತಡೀರಿ ಅತ್ತೆ, ಎಲ್ಲೂ ಓಡಿಹೋಗಲ್ಲ, ನಿಮ್ಮದೇ" ಅಂತ. ಆ ಕೈ ಮತ್ತೆ ಬಟ್ಟಲು ಹಿಡಿಯಿತು. ಬಿಡಿಸಿದಷ್ಟೂ ಹಿಡಿಯಿತು. ಸಾಕು ಅನ್ನಿಸಿದವಳ ಕೈ ಅದು. ಕುತ್ತಿಗೆಗೆ ಕಟ್ಟಿದ ಟವೆಲ್ಲಿನ ಮೇಲೆ ಬಿದ್ದಿದ್ದು ಎರಡೇ ಹನಿ.

ಓರಗಿತ್ತಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಳತೊಡಗಿದಳು. "ನಮಗೆ ಗೊತ್ತಾಗಲಿಲ್ಲ ಅಕ್ಕ. ದಿನಾ ಕೊಟ್ವಿ. ಹೊರಗೆ ಬಂತು, ಬೇಡ ಅಂತಾರೆ ಅಂದ್ಕೊಂಡ್ವಿ."

"ಟವೆಲ್ಲಿಗೆ ತಿನ್ನಿಸಿದೀಯ ಇಷ್ಟು ದಿನ" ಅಂದಳು ಬುಟ್ಟಿಯಕ್ಕ. ದನಿ ಏರಲಿಲ್ಲ. ಬೀದಿಗೆಲ್ಲ ಕೇಳಿಸುವ ಹಾಗೆ ಬೈಯ್ಯುವವಳು ಅವತ್ತು ಪಿಸುಮಾತಿನಲ್ಲಿ ಬೈದಳು. "ಕೊಟ್ವಿ, ಕೊಟ್ವಿ. ಕೊಟ್ಟಿದ್ದು ಎಲ್ಲಿಗೆ ಹೋಯ್ತು ಅಂತ ಒಬ್ರಾದ್ರೂ ನೋಡಿದ್ರಾ? ಒಂದಿನ, ಒಂದೇ ಒಂದಿನ, ಇವರನ್ನ ಕೈಯಲ್ಲಿ ಎತ್ತಿ ನೋಡಿದ್ರಾ?"

ಮೈದುನ, "ಸ್ವಚ್ಛ ಮಾಡೋಕೆ ಬೆಳಿಗ್ಗೆ ಸಂಜೆ ಕೆಲಸದವರು ಬರ್ತಾರೆ ಅತ್ತಿಗೆ" ಅಂದ. "ಮಗ್ಗುಲು ಎಲ್ಲ ಅವರೇ ಬದಲಾಯಿಸ್ತಾರೆ."

"ಅವರ ಮಾತು ಬಿಡು. ನೀನು?"

ಬುಟ್ಟಿಯಕ್ಕ ಅತ್ತೆಯ ಬಾಯಿ ಒರೆಸಿದಳು. ತುಸು ಹೊತ್ತು ನೆಟ್ಟಗೆ ಕೂರಿಸಿ, ಬೆನ್ನು ಸವರಿದಳು. ಆಮೇಲೆ ಎದ್ದು, ಮಂಚ ಬಿಟ್ಟು ಪಕ್ಕಕ್ಕೆ ನಿಂತಳು.

"ಬಾ ಇಲ್ಲಿ. ಎತ್ತು."

"ನಾನಾ?"

"ಹೆತ್ತ ತಾಯಿ ಅಂದ್ಯಲ್ಲ. ಎತ್ತು. ಒಂದು ಕೈ ಹೆಗಲ ಕೆಳಗೆ, ಒಂದು ಮೊಣಕಾಲ ಕೆಳಗೆ."

ಅವನು ವಾಚು ಬಿಚ್ಚಿ ಮೇಜಿನ ಮೇಲಿಟ್ಟ. ತೋಳು ಮಡಚಿಕೊಂಡ. ನನಗೆ ಸೊಂಟ ನೋವು ಇದೆ, ಹುಷಾರಾಗಿ ಎತ್ತಬೇಕು ಅಂತ ಹೆಂಡತಿಯ ಕಡೆ ನೋಡಿ ಹೇಳಿದ. ಗೋದಿ ಮೂಟೆ ಎತ್ತುವವನ ಹಾಗೆ ಕಾಲು ಅಗಲಿಸಿ ನಿಂತು, ಉಸಿರು ಕಟ್ಟಿ, ಇದ್ದಬದ್ದ ಬಲ ಹಾಕಿ ಎತ್ತಿದ. ಎತ್ತಿದವನು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಬೀರುವಿಗೆ ಬೆನ್ನು ಬಡಿಸಿಕೊಂಡು ನಿಂತ. ಬೀರುವಿನ ಕನ್ನಡಿ ಗಡಗಡ ಅಂದಿತು.

ಅವನು ತೋಳಿನಲ್ಲಿದ್ದ ತಾಯಿಯನ್ನು ನೋಡಿದ. ತಾನು ಎತ್ತಿದ್ದು ಪೂರ್ತಿ ಬಂದಿದೆಯಾ, ಏನಾದರೂ ಮಂಚದಲ್ಲೇ ಉಳಿಯಿತಾ ಅನ್ನುವ ಹಾಗೆ ಮಂಚದ ಕಡೆಯೂ ನೋಡಿದ. ಮಂಚದಲ್ಲಿ ಹೊದಿಕೆ ಬಿಟ್ಟರೆ ಏನೂ ಇರಲಿಲ್ಲ.

"ಅತ್ತಿಗೆ..." ಅಂದ. "ಎಲ್ಲಿ ಇಡಲಿ?"

"ಇಲ್ಲೆಲ್ಲೂ ಬೇಡ. ನಮ್ಮನೆಗೆ ನಡಿ."

ಓರಗಿತ್ತಿ ಕಣ್ಣೊರೆಸಿಕೊಂಡು, ಲಿಫ್ಟಿಗೆ ಒತ್ತಿ ಬರುತ್ತೀನಿ, ಗಾಲಿ ಕುರ್ಚಿ ತರುತ್ತೀನಿ ಅಂತ ಓಡಿದಳು. ಬುಟ್ಟಿಯಕ್ಕ ತಡೆದಳು. "ಲಿಫ್ಟೂ ಬೇಡ, ಕುರ್ಚಿನೂ ಬೇಡ. ಮೆಟ್ಟಿಲಲ್ಲಿ ಎತ್ಕೊಂಡೇ ಬರಲಿ. ಕೆಳಗೆ ಗಾಡಿಗೆ ಹೇಳು."

ಬಚ್ಚಲಿಗೆ ಹೋದಳು. ಬಕೆಟ್ಟಿನಲ್ಲಿ ಗುಳ್ಳೆ ಏಳುವುದು ನಿಂತಿತ್ತು. ಬುಟ್ಟಿಯನ್ನು ಹೊರಗೆ ತೆಗೆದು, ನೀರು ಇಳಿಯಲು ಬಿಟ್ಟು, ಕೊಕ್ಕೆಯಲ್ಲಿ ಹಿಡಿದುಕೊಂಡಳು. ಹೊಟ್ಟೆ ತುಂಬ ಕುಡಿದ ಬುಟ್ಟಿ ಅವಳ ಹೆಗಲನ್ನು ಕೆಳಕ್ಕೆ ಜಗ್ಗಿತು. ಇನ್ನೊಂದು ಹೆಗಲಿಗೆ ಊರಿನಿಂದ ತಂದ ಚೀಲ ಹಾಕಿಕೊಂಡು, ಅವರ ಹಿಂದೆ ಹೊರಟಳು.

ಮೈದುನ ಮುಂದೆ, ತಾಯಿಯ ತಲೆ ಅವನ ಭುಜದ ಮೇಲೆ. ಅವಳ ಎಡಗೈ ಅವನ ಇಸ್ತ್ರಿ ಮಾಡಿದ ಷರ್ಟಿನ ಕಾಲರನ್ನು ಹಿಡಿದಿತ್ತು. ಹಿಂದೆ ಬುಟ್ಟಿಯಕ್ಕ, ಮೆಟ್ಟಿಲುಗಳ ಮೇಲೆ ನೀರು ತೊಟ್ಟಿಕ್ಕಿಸಿಕೊಂಡು. ಒಂದು ಮಹಡಿ ಇಳಿದು ತಿರುವಿನಲ್ಲಿ ಅವನು ನಿಂತ. ಗೋಡೆಗೆ ಒರಗಿಕೊಂಡ. ಅವನ ಹೆಗಲು ಅಲುಗುತ್ತಿತ್ತು.

"ಯಾಕೆ, ಕೈ ನೋಯ್ತಿದ್ಯಾ?" ಅಂತ ಕೇಳಿದಳು ಬುಟ್ಟಿಯಕ್ಕ.

"ಇಲ್ಲ ಅತ್ತಿಗೆ."

"ನೋಯಬೇಕಾಗಿತ್ತು ಕಣಯ್ಯ" ಅಂದಳು. "ನಾನು ಬಿಟ್ಟುಹೋದಾಗ ನೋಯೋಷ್ಟು ಭಾರ ಇದ್ರು."

ಅವನು ತಾಯಿಯನ್ನು ಇನ್ನಷ್ಟು ಎದೆಗೆ ಎಳೆದುಕೊಂಡು, ಉಳಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದ.